ಪುಣೆಗೆ ಹೋಗಿ ಚಪ್ಪಾಳೆ ತಟ್ಟಿದ್ದು

ಬೆಳಗಿನ ನಾಲ್ಕೂವರೆಗೆ ಮೂಡಲಗಿಯ ನಮ್ಮ ಮನೆಯ ಮುಂದೆ ಮುಕ್ತಾರನ ಗಾಡಿ ಬಂದು ನಿಂತಾಗ, ಜ್ವರ ಬಂದಿದೆ ಎಂದು ಸುಳ್ಳು ಹೇಳಿ ಮತ್ತೆ ಮಲಗಿಬಿಡಲೇ ಎಂದು ನಾನು ನಿಜವಾಗಿಯೂ ಯೋಚಿಸಿದೆ. ಹಿಂದಿನ ಎರಡು ವಾರ ಮನೆಮನೆ ಸಮೀಕ್ಷೆಯ ಕೆಲಸ. ದಿನಕ್ಕೆ ನಲವತ್ತು ಮನೆ, ನಲವತ್ತು ಬಾಗಿಲು, ಎರಡು ಬಾಗಿಲಿಗೊಂದು ನಾಯಿ. ನಾನು ನಾಗನೂರಿನ ಪ್ರೌಢಶಾಲೆಯಲ್ಲಿ ದೈಹಿಕ ಶಿಕ್ಷಕಿ, ಹೆಸರು ಶೋಭಾ, ವಯಸ್ಸು ಐವತ್ತಮೂರು. ಊರಲ್ಲಿ ಎಲ್ಲರೂ ಆಟದ ಮೇಡಂ ಎನ್ನುತ್ತಾರೆ. ಆಟ ಆಡಿಸುವುದೊಂದನ್ನು ಬಿಟ್ಟು ಉಳಿದದ್ದೆಲ್ಲ ನನ್ನ ತಲೆಗೇ ಕಟ್ಟಿದ್ದಾರೆ. ಪ್ರಾರ್ಥನೆಗೆ ಸಾಲು ನಿಲ್ಲಿಸುವುದು ನಾನು, ಮಧ್ಯಾಹ್ನದ ಮೊಟ್ಟೆ ಸುಲಿಸುವುದು ನಾನು, ಯಾರದೋ ಸಮೀಕ್ಷೆಗೆ ಬಾಗಿಲು ಬಡಿಯುವುದೂ ನಾನು. ಎರಡೂ ಮೊಣಕಾಲು ಸವೆದಿವೆ ಎಂದು ಡಾಕ್ಟರು ಫೋಟೋ ತೆಗೆದು ತೋರಿಸಿದ್ದಾರೆ. ಶನಿವಾರ ಒಂದು ದಿನ ಬಿಡುವು ಸಿಕ್ಕರೆ ಬುದ್ಧಿ ಇದ್ದವರು ನಿದ್ದೆ ಮಾಡುತ್ತಾರೆ. ನಾವು ಪುಣೆಗೆ ಟೆನ್ನಿಸ್ ನೋಡಲು ಹೊರಟಿದ್ದೆವು.

ಟೆನ್ನಿಸ್ ನೋಡಲು ಎಂದರೆ ಪೂರ್ತಿ ಸರಿಯಲ್ಲ. ಆ ಆಟದ ಅಂಕಗಳೇ ನಮಗೆ ಇವತ್ತಿಗೂ ಹಿಡಿದಿಲ್ಲ. ಹದಿನೈದು, ಮೂವತ್ತು ಆದಮೇಲೆ ನಲವತ್ತೈದು ಬರದೆ ನಲವತ್ತು ಯಾಕೆ ಬರುತ್ತದೆ ಎಂದು ತರಬೇತಿ ಕಾಲೇಜಿನಲ್ಲಿ ಕೇಳಿದ್ದಕ್ಕೆ ನಮ್ಮ ಮಾಸ್ತರು, ಸುಮ್ಮನೆ ಬರೆದುಕೊಳ್ಳಿ ಎಂದಿದ್ದರು. ನಾವು ಹೊರಟದ್ದು ಪದ್ಮಶ್ರೀಯನ್ನು ನೋಡಲು. ಮೂವತ್ತು ವರ್ಷದ ಹಿಂದೆ ಆ ಕಾಲೇಜಿನ ಹಾಸ್ಟೆಲಿನಲ್ಲಿ ನಾವು ನಾಲ್ವರು ಒಂದೇ ಕೋಣೆಯಲ್ಲಿದ್ದೆವು. ನಾನು ಮೂಡಲಗಿಗೆ ಸೊಸೆಯಾಗಿ ಬಂದೆ, ಸುಮಯ್ಯಾ ಮತ್ತು ಪದ್ಮಶ್ರೀ ಗೋಕಾಕದ ಶಾಲೆಗಳಲ್ಲಿ ಸೇರಿದರು, ರಾಜೇಶ್ವರಿ ಹುಕ್ಕೇರಿಯಲ್ಲಿ. ನಾಲ್ವರ ಕೊರಳಲ್ಲೂ ಮೂವತ್ತು ವರ್ಷದಿಂದ ಅದೇ ಸೀಟಿ. ಆದರೆ ಪದ್ಮಶ್ರೀಗೆ ಇನ್ನೊಂದು ಕೆಲಸವಿತ್ತು.

ಹದಿನೆಂಟು ವರ್ಷದ ಹಿಂದೆ ಇಲಾಖೆಯಿಂದ ಒಂದು ಸುತ್ತೋಲೆ ಬಂತು. ಧಾರವಾಡದಲ್ಲಿ ಟೆನ್ನಿಸ್ ಲೈನ್ ಅಂಪೈರ್‌ಗಳ ತರಬೇತಿ, ಆಸಕ್ತರು ಬರಬಹುದು. ಗೋಕಾಕದಲ್ಲಿ ಟೆನ್ನಿಸ್‌ಗೆ ಯಾರು ಆಸಕ್ತರು? ಹೆಡ್ ಮಾಸ್ತರರು ಯಾರನ್ನಾದರೂ ಕಳಿಸಲೇಬೇಕೆಂದು ಪದ್ಮಶ್ರೀಯನ್ನು ನೂಕಿದರು. ಅವಳು ಹೋಗಿ ಪಾಸಾಗಿ ಬಂದಳು. ಅಲ್ಲಿಂದ ಶುರು. ವರ್ಷಕ್ಕೆ ಎರಡು ಮೂರು ಸಲ ರಜೆ ಹಾಕಿ ಕಲಬುರ್ಗಿಗೋ ಬೆಂಗಳೂರಿಗೋ ಪುಣೆಗೋ ಹೋಗಿ, ಅಂಕಣದ ಅಂಚಿನಲ್ಲಿ ಬಗ್ಗಿ ನಿಂತು, ಚೆಂಡು ಗೆರೆಯ ಒಳಗೆ ಬಿತ್ತೋ ಹೊರಗೆ ಬಿತ್ತೋ ಹೇಳುವುದು. ಹೊರಗೆ ಬಿದ್ದರೆ ಔಟ್ ಎಂದು ಕೂಗಿ ಕೈ ಚಾಚಬೇಕು. ಒಳಗೆ ಬಿದ್ದರೆ ಬಾಯಿ ಮುಚ್ಚಿ ಎರಡೂ ಅಂಗೈ ನೆಲದ ಕಡೆ ತೋರಿಸಬೇಕು. ಇಷ್ಟೇ. ಇಷ್ಟಕ್ಕಾಗಿ ಅವಳು ಸಂಜೆ ಶಾಲೆ ಬಿಟ್ಟಮೇಲೆ ಮೈದಾನದಲ್ಲಿ ಸುಣ್ಣದ ಗೆರೆ ಎಳೆದು, ಹುಡುಗಿಯರ ಕೈಯಲ್ಲಿ ಚೆಂಡು ಒಗೆಸಿ ಒಬ್ಬಳೇ ಅಭ್ಯಾಸ ಮಾಡುತ್ತಿದ್ದಳು. ಅವಳ ಗಂಡ ಗುರುರಾಜ ಗೋಕಾಕದ ಕೋರ್ಟಿನಲ್ಲಿ ಗುಮಾಸ್ತ. ಹೆಂಡತಿ ಎಲ್ಲಿ ಎಂದು ಯಾರಾದರೂ ಕೇಳಿದರೆ ಗೆರೆ ಕಾಯಲು ಹೋಗಿದ್ದಾಳೆ ಎನ್ನುತ್ತಿದ್ದ. ನಾವೂ ನಗುತ್ತಿದ್ದೆವು. ಆಡುವವರ ಹೆಸರಾದರೂ ಪೇಪರಿನಲ್ಲಿ ಬರುತ್ತದೆ, ಗೆರೆ ಕಾಯುವವಳನ್ನು ಯಾರು ನೋಡುತ್ತಾರೆ?

ಈ ಸಲದ ಮಾತು ಬೇರೆ. ಪುಣೆಯದು ದೊಡ್ಡ ಪಂದ್ಯಾವಳಿ, ಹೊರದೇಶದವರೆಲ್ಲ ಬರುತ್ತಾರೆ. ಅಲ್ಲಿಗೆ ಅವಳು ಆರು ವರ್ಷದಿಂದ ಹೋಗುತ್ತಿದ್ದರೂ ಮೊದಲ ಸುತ್ತಿನ ಪಂದ್ಯಗಳಿಗೆ, ಬದಿಯ ಅಂಕಣಗಳಿಗೆ ಮಾತ್ರ ನಿಲ್ಲಿಸುತ್ತಿದ್ದರು. ಫೈನಲ್ಲಿಗೆ ಒಂಬತ್ತೇ ಜನ. ಆ ಒಂಬತ್ತರಲ್ಲಿ ಒಮ್ಮೆ ತಾನಿರಬೇಕು ಎನ್ನುವುದು ಅವಳ ಆಸೆ. ಮುಂದಿನ ವರ್ಷದಿಂದ ಗೆರೆಗೆ ಮನುಷ್ಯರೇ ಬೇಡವಂತೆ, ಹನ್ನೆರಡು ಕ್ಯಾಮೆರಾ ಕೂರಿಸುತ್ತಾರಂತೆ, ಧ್ವನಿಯನ್ನೂ ಯಂತ್ರವೇ ಹಾಕುತ್ತದಂತೆ. ಅಂದರೆ ಇದೇ ಕೊನೆ. ಗುರುವಾರ ರಾತ್ರಿ ಫೋನಿನಲ್ಲಿ, ಈ ವಾರ ಒಂದೂ ತಪ್ಪು ಮಾಡಿಲ್ಲ, ಶನಿವಾರ ಸೆಮಿಫೈನಲ್ಲಿಗೆ ಹಾಕಿದ್ದಾರೆ, ಅದಾದಮೇಲೆ ಫೈನಲ್ಲಿನ ಪಟ್ಟಿ ಹಚ್ಚುತ್ತಾರೆ, ಹೆಸರು ಬರಬಹುದು ಎಂದಳು. ಮೂರು ಪಾಸು ಸಿಕ್ಕಿವೆ, ಬರುತ್ತೀರಾ ಎಂದು ಕೇಳಿದಳು. ಹದಿನೆಂಟು ವರ್ಷದಲ್ಲಿ ಅವಳು ನಮ್ಮನ್ನು ಕರೆದದ್ದು ಅದೇ ಮೊದಲು. ಇಲ್ಲ ಎನ್ನಲು ಬಾಯಿ ಬರಲಿಲ್ಲ.

ಒಂದು ಕರಾರು ಮಾತ್ರ ಹಾಕಿದ್ದಳು. ತನ್ನ ಕಡೆ ಕೈ ಬೀಸಬಾರದು, ಹೆಸರು ಹಿಡಿದು ಕರೆಯಬಾರದು, ಪಂದ್ಯ ಮುಗಿಯುವವರೆಗೆ ನಾವು ಯಾರೋ ತಾನು ಯಾರೋ. ಲೈನ್ ಮೇಲೆ ನಿಂತವರ ಕಡೆಯವರು ಪ್ರೇಕ್ಷಕರಲ್ಲಿದ್ದಾರೆ ಎಂದು ಯಾರಿಗೂ ಕಾಣಬಾರದಂತೆ, ಕಂಡರೆ ತೀರ್ಪಿನ ಮೇಲೆ ಅನುಮಾನ ಬರುತ್ತದಂತೆ. ನಾವು ಮೂವರೂ ಆಯ್ತು ಆಯ್ತು ಎಂದೆವು.

ಗೋಕಾಕದಲ್ಲಿ ಸುಮಯ್ಯಾ ಹತ್ತಿದಳು. ಮುಕ್ತಾರ ಅವಳ ತಮ್ಮ, ಬಾಡಿಗೆ ಗಾಡಿ ಓಡಿಸುತ್ತಾನೆ. ಅಕ್ಕನ ಮುಂದೆ ತುಟಿ ಬಿಚ್ಚುವವನಲ್ಲ. ಸುಮಯ್ಯಾ ಬುತ್ತಿಯ ಜೊತೆ ತನ್ನ ಧ್ವನಿಯನ್ನೂ ತಂದಿದ್ದಳು. ಮೈಕ್ ಇಲ್ಲದೆ ಇಡೀ ತಾಲೂಕಿನ ಮಕ್ಕಳನ್ನು ಸಾಲಾಗಿಸಿದ ಧ್ವನಿ ಅದು. ಕತ್ತಲೆಯಲ್ಲಿ ಕಬ್ಬಿನ ಟ್ರ್ಯಾಕ್ಟರುಗಳ ಹಿಂದೆ ಹಿಂದೆ ತೆವಳುತ್ತ ನಾವು ಹುಕ್ಕೇರಿ ಮುಟ್ಟುವಾಗ ಬೆಳಕಾಗಿತ್ತು. ರಾಜೇಶ್ವರಿ ಶಾಲೆಯ ಮೈದಾನದ ಗೇಟಿನ ಬಳಿ ನಿಂತಿದ್ದಳು. ಆ ಮೈದಾನ ಕಂಡಾಗ ಮೂವರಿಗೂ ಒಂದೇ ನೆನಪು ಬಂತು.

ನಮ್ಮ ಕಡೆ ಮೈದಾನಗಳಲ್ಲಿ ಒಂದು ಪದ್ಧತಿಯಿದೆ. ಕಬಡ್ಡಿಯಿರಲಿ, ಖೋಖೋ ಇರಲಿ, ಗೆರೆ ಎಳೆಯುವುದು ಸುಣ್ಣದ ಪುಡಿಯಲ್ಲಿ. ಹತ್ತು ನಿಮಿಷ ಆಡಿದರೆ ಅರ್ಧ ಗೆರೆ ಆಟಗಾರರ ಕಾಲಿಗೆ ಅಂಟಿಕೊಂಡು ಹೋಗಿರುತ್ತದೆ. ಆಮೇಲೆ ಗೆರೆ ಎಲ್ಲಿತ್ತು ಎನ್ನುವುದು ಪಂಚರ ಬಾಯಲ್ಲಿ ಮಾತ್ರ ಇರುತ್ತದೆ. ಪಂಚರೆಂದರೆ ನಾವೇ, ಆಟದ ಮಾಸ್ತರು, ಆಟದ ಮೇಡಂಗಳು. ಕೈ ಎತ್ತಿ ತೀರ್ಪು ಕೊಟ್ಟ ತಕ್ಷಣ ಸೋತ ಊರಿನವರು ಒಳಗೆ ನುಗ್ಗುತ್ತಾರೆ. ಅದಕ್ಕೇ ಉಳಿದ ಪಂಚರೆಲ್ಲ ಆ ಕ್ಷಣಕ್ಕೆ ಎದ್ದು ನಿಂತು ಜೋರಾಗಿ ಚಪ್ಪಾಳೆ ತಟ್ಟಬೇಕು. ಖರೆ ಐತಿ ಎಂದು ಕೂಗಬೇಕು. ನೋಡಿದ್ದೀಯೋ ಇಲ್ಲವೋ ಎಂದು ಆಗ ಯಾರೂ ಕೇಳುವುದಿಲ್ಲ. ಚಪ್ಪಾಳೆಗೆ ಇನ್ನಷ್ಟು ಜನ ಕೈ ಸೇರಿಸುತ್ತಾರೆ, ನುಗ್ಗಿದವರು ಸ್ವಲ್ಪ ಅನುಮಾನಿಸುತ್ತಾರೆ, ಅಷ್ಟರಲ್ಲಿ ಪಂಚರ ಮೈ ಉಳಿಯುತ್ತದೆ. ಹನ್ನೊಂದು ವರ್ಷದ ಹಿಂದೆ ಹುಕ್ಕೇರಿಯ ಆ ಮೈದಾನದಲ್ಲಿ ಖೋಖೋ ಫೈನಲ್ಲಿನಲ್ಲಿ ಪದ್ಮಶ್ರೀ ಒಂದು ಹುಡುಗಿಯನ್ನು ಔಟ್ ಎಂದಾಗ ಕುರ್ಚಿ ಹಾರಿ ಬಂದಿತ್ತು. ಅವತ್ತು ನಾವು ಮೂವರು ತಟ್ಟಿದ ಚಪ್ಪಾಳೆಯಿಂದ ಅವಳು ಗೇಟು ದಾಟಿದಳು. ಅಂಗೈ ಎರಡು ದಿನ ಉರಿದಿತ್ತು.

ಸಂಕೇಶ್ವರ ದಾಟಿ ಹೆದ್ದಾರಿ ಸೇರಿದಮೇಲೆ ಹೇಳುವಂಥದ್ದೇನೂ ಇಲ್ಲ. ಆರು ತಾಸಿನ ರಸ್ತೆ, ಅರ್ಧ ಕಡೆ ಅಗೆದದ್ದು. ಕರಾಡದ ಹತ್ತಿರ ಇಳಿದು ಬುತ್ತಿ ಬಿಚ್ಚಿದೆವು. ನನ್ನ ಮೊಣಕಾಲು ಬಾತು ಕಾಲು ಮಡಚಲು ಬರುತ್ತಿರಲಿಲ್ಲ. ರಾಜೇಶ್ವರಿಗೆ ಗಾಡಿಯಲ್ಲಿ ವಾಂತಿ ಬರುವ ರೋಗ, ಕಿಟಕಿಗೆ ಮುಖ ಹಚ್ಚಿ ಕಣ್ಣು ಮುಚ್ಚಿಕೊಂಡಿದ್ದಳು. ಸುಮಯ್ಯಾ ಮಾತ್ರ ಮಾತಾಡುತ್ತಲೇ ಇದ್ದಳು. ಮಗಳ ಮದುವೆಯಾದಮೇಲೆ ಮನೆಯಲ್ಲಿ ಕೇಳಿಸಿಕೊಳ್ಳುವವರಿಲ್ಲ ಎಂದು ತಾನೇ ಹೇಳಿ ನಕ್ಕಳು. ಹನ್ನೆರಡೂವರೆಗೆ ಪುಣೆಯ ಸ್ಟೇಡಿಯಂ ಮುಟ್ಟಿದಾಗ ನನಗೆ ಅಲ್ಲೇ ಪಾರ್ಕಿಂಗಿನ ಮರದ ಕೆಳಗೆ ಮುಕ್ತಾರನ ಹಾಗೆ ಒರಗಿಬಿಡುವ ಆಸೆಯಾಯಿತು.

ಒಳಗೆ ಎಲ್ಲರೂ ಬಿಳಿ ಟೋಪಿ, ಕಪ್ಪು ಕನ್ನಡಕ. ಸೀರೆ ಉಟ್ಟು, ಕೈಯಲ್ಲಿ ಬುತ್ತಿಯ ಚೀಲ ಹಿಡಿದವರು ನಾವೇ. ಚೀಲವನ್ನು ಗೇಟಿನಲ್ಲಿ ಇಡಿಸಿಕೊಂಡರು. ನಮ್ಮ ಕುರ್ಚಿಗಳು ಅಂಕಣದ ಒಂದು ತುದಿಯಲ್ಲಿ, ಕೆಳಗಿನಿಂದ ಆರನೇ ಸಾಲು. ಕಾಂಕ್ರೀಟು ಕಾದು ಕೂತಿತ್ತು, ನೆರಳು ನಮ್ಮ ಹಿಂದಿನ ಸಾಲಿನವರೆಗೆ ಬಂದು ಅಲ್ಲೇ ನಿಂತಿತ್ತು. ಮಾತಾಡಿದರೆ ಮುಂದಿನವರು ತಿರುಗಿ ನೋಡುತ್ತಾರೆ, ಎದ್ದು ಓಡಾಡಿದರೆ ಸ್ಟೇಡಿಯಂ ಕೆಲಸದ ಹುಡುಗಿಯರು ಬಂದು ಕೂರಿಸುತ್ತಾರೆ. ಇಷ್ಟು ದುಡ್ಡು ಕೊಟ್ಟು ಜನ ಪರೀಕ್ಷಾ ಕೊಠಡಿಯ ಹಾಗೆ ಬಾಯಿ ಮುಚ್ಚಿ ಕೂರುವ ಆಟವನ್ನು ನಾನು ಮೊದಲು ನೋಡಿದ್ದು ಅಲ್ಲೇ.

ಎರಡು ಗಂಟೆಗೆ ಲೈನ್ ಅಂಪೈರುಗಳು ಸಾಲಾಗಿ ಬಂದರು. ನೀಲಿ ಅಂಗಿ, ಬಿಳಿ ಪ್ಯಾಂಟು, ತಲೆಗೆ ಟೋಪಿ. ನಾಲ್ಕನೆಯವಳು ಪದ್ಮಶ್ರೀ. ಅವಳನ್ನು ಸೀರೆಯಲ್ಲಿ, ಹೆಚ್ಚೆಂದರೆ ಚೂಡಿದಾರದಲ್ಲಿ ನೋಡಿದ ನಮಗೆ ಗುರುತು ಹಿಡಿಯಲು ಒಂದು ನಿಮಿಷ ಬೇಕಾಯಿತು. ಅವಳು ಬಂದು ನಿಂತದ್ದು ನಮ್ಮ ಕೆಳಗೇ, ಉದ್ದಗೆರೆಯ ತುದಿಯಲ್ಲಿ. ಬಗ್ಗಿ ಎರಡೂ ಕೈ ಮೊಣಕಾಲಿನ ಮೇಲಿಟ್ಟಳು. ಆಮೇಲೆ ಅಲುಗಲಿಲ್ಲ. ನನಗೆ ಹೆಮ್ಮೆಯಾಯಿತು. ಐವತ್ತೆರಡು ವರ್ಷದ ಹೆಂಗಸು, ನನ್ನಂಥದೇ ಮೊಣಕಾಲು, ಆ ಬಿಸಿಲಲ್ಲಿ ಹಾಗೆ ಬಗ್ಗಿ ನಿಲ್ಲುವುದು ಸುಮ್ಮನೆ ಮಾತಲ್ಲ. ಸುಮಯ್ಯಾ ನನ್ನ ಕೈ ಒತ್ತಿದಳು. ರಾಜೇಶ್ವರಿ ಕಣ್ಣು ಒರೆಸಿಕೊಂಡಳು.

ಒಂದು ಕಡೆ ನಮ್ಮ ದೇಶದ ಹುಡುಗ, ಇನ್ನೊಂದು ಕಡೆ ಆರೂವರೆ ಅಡಿಯ ಗಡ್ಡದವನು. ಅರ್ಧ ತಾಸು ನಾನು ಶ್ರದ್ಧೆಯಿಂದ ನೋಡಿದೆ. ಪದ್ಮಶ್ರೀ ಆರು ಸಲ ಔಟ್ ಎಂದಳು. ಮೈದಾನದ ಧ್ವನಿ ಅವಳದು, ಸ್ಟೇಡಿಯಂ ತುಂಬ ಕೇಳುತ್ತಿತ್ತು. ಆರು ಸಲವೂ ನನ್ನ ಕೈ ತಾನಾಗಿ ಮೇಲೆದ್ದಿತು, ಆರು ಸಲವೂ ಸೆರಗಿನೊಳಗೆ ಬಚ್ಚಿಟ್ಟುಕೊಂಡೆ. ಆಮೇಲೆ ಬಿಸಿಲು ಕಣ್ಣಿಗೆ ಹತ್ತಿತು. ಚೆಂಡು ಆ ಕಡೆ ಹೋಗುತ್ತದೆ, ಈ ಕಡೆ ಬರುತ್ತದೆ, ಯಾರೂ ಮಾತಾಡುವುದಿಲ್ಲ. ಎರಡು ವಾರದ ನಿದ್ದೆ ಕಾಯುತ್ತಲೇ ಇತ್ತು. ನಾನು ಕೂತಲ್ಲೇ ಮಲಗಿಬಿಟ್ಟೆ. ಇದನ್ನು ಒಪ್ಪಿಕೊಳ್ಳಲು ನಾಚಿಕೆಯಾಗುತ್ತದೆ, ಆದರೆ ನಡೆದದ್ದು ಹಾಗೆಯೇ. ಮುನ್ನೂರೈವತ್ತು ಕಿಲೋಮೀಟರು ಬಂದು, ಗೆಳತಿಯ ಬೆನ್ನ ಹಿಂದೆ ಕೂತು, ಬಾಯಿ ತೆರೆದುಕೊಂಡು ಮಲಗಿದ್ದೆ.

ಪದ್ಮಶ್ರೀಯ ಕೂಗಿಗೆ ಎಚ್ಚರವಾಯಿತು. ಔಟ್ ಎಂದಿದ್ದಳು. ಕಣ್ಣು ಬಿಟ್ಟಾಗ ಅವಳ ಬಲಗೈ ಚಾಚಿಕೊಂಡಿತ್ತು. ಆ ಗಡ್ಡದವನು ಬ್ಯಾಟನ್ನು ನೆಲಕ್ಕೆ ಒಗೆದು, ಏನೋ ಕಿರುಚುತ್ತ, ನೆಟ್ಟಿನ ಬಾಜೂಕಿನಿಂದ ಸುತ್ತಿ ಉದ್ದುದ್ದ ಹೆಜ್ಜೆ ಹಾಕಿ ನೇರ ಅವಳ ಕಡೆಗೇ ಬರುತ್ತಿದ್ದ. ಅವಳು ಬಗ್ಗಿದಲ್ಲಿಂದ ನೆಟ್ಟಗಾಗಿ ಕೈಗಳನ್ನು ಹಿಂದೆ ಕಟ್ಟಿ ನಿಂತಳು. ಒಬ್ಬಳೇ ನಿಂತಿದ್ದಳು. ಸುತ್ತ ಐದು ಸಾವಿರ ಜನ ಸುಮ್ಮನೆ ಕೂತಿದ್ದರು.

ನನಗೆ ಪುಣೆ ನೆನಪಿರಲಿಲ್ಲ, ಕರಾರು ನೆನಪಿರಲಿಲ್ಲ. ಮೊದಲು ಎದ್ದವಳು ನಾನು. ಎದ್ದು ನಿಂತು, ತಲೆಯ ಮೇಲೆ ಕೈ ಎತ್ತಿ, ಮೂವತ್ತು ವರ್ಷ ತಟ್ಟಿದ ಹಾಗೆಯೇ ಚಪ್ಪಾಳೆ ತಟ್ಟತೊಡಗಿದೆ. ನಾನು ಎದ್ದದ್ದನ್ನು ನೋಡಿ ಇವರಿಬ್ಬರೂ ಎದ್ದರು. ಆಮೇಲೆ ಸುಮಯ್ಯಾ ಬಾಯಿ ತೆರೆದಳು.

"ಔಟ್ ಐತಿ ಪದ್ಮಾ, ಖರೆ ಐತಿ. ಹೆದರಬ್ಯಾಡ, ನಾವ್ ಅದೇವಿ."

ಆ ಸ್ಟೇಡಿಯಂನಲ್ಲಿ ಅದು ಹೇಗೆ ಕೇಳಿಸಿತು ಎಂದು ನಾನು ಹೇಳಲಾರೆ. ನಮ್ಮ ಮೂವರ ಚಪ್ಪಾಳೆಗೆ ಕೈ ಸೇರಿಸಿದವರು ಯಾರೂ ಇರಲಿಲ್ಲ. ಗಡ್ಡದವನು ನಿಂತುಬಿಟ್ಟ. ನಮ್ಮನ್ನು ನೋಡಿದ, ಪದ್ಮಶ್ರೀಯ ಎದೆಯ ಮೇಲಿನ ಹೆಸರಿನ ಬಿಲ್ಲೆ ನೋಡಿದ, ಮತ್ತೆ ನಮ್ಮನ್ನು ನೋಡಿದ. ಆಮೇಲೆ ಎತ್ತರದ ಕುರ್ಚಿಯಲ್ಲಿ ಕೂತ ಮುಖ್ಯ ಅಂಪೈರಿನ ಕಡೆ ತಿರುಗಿ, ಒಂದು ಬೆರಳನ್ನು ನಮ್ಮ ಕಡೆಗೂ ಇನ್ನೊಂದನ್ನು ಅವಳ ಕಡೆಗೂ ತೋರಿಸಿದ. ಅವನ ಮಾತು ನಮಗೆ ತಿಳಿಯಲಿಲ್ಲ, ಬೆರಳು ತಿಳಿಯಿತು. ಮುಖ್ಯ ಅಂಪೈರು ಮೈಕಿನಲ್ಲಿ ಶಾಂತವಾಗಿರಿ ಎಂದರು. ಪಾಯಿಂಟು ನಮ್ಮ ಹುಡುಗನಿಗೇ ಉಳಿಯಿತು. ಪದ್ಮಶ್ರೀ ಒಂದು ಸಲವೂ ಹಿಂದೆ ತಿರುಗಲಿಲ್ಲ. ಅವಳ ಕುತ್ತಿಗೆ ಮಾತ್ರ ಕೆಂಪಾಗಿತ್ತು. ನಾನು ಕೂತೆ. ಕೂತಮೇಲೆ ಎಲ್ಲ ಒಟ್ಟಿಗೆ ನೆನಪಾಯಿತು.

ಗೆರೆಯ ಮೇಲಿನವರು ಒಂದು ತಾಸಿಗೊಮ್ಮೆ ಬದಲಾಗುತ್ತಾರೆ. ಮೂರು ಗಂಟೆಗೆ ಅವಳ ತಂಡ ಹೊರಗೆ ಹೋಗಿ ಬೇರೆ ತಂಡ ಬಂತು. ನಾಲ್ಕಕ್ಕೆ ಅವಳ ತಂಡ ಮತ್ತೆ ಬರಬೇಕಿತ್ತು. ಬಂತು ಕೂಡ. ನಾಲ್ಕನೆಯ ಜಾಗದಲ್ಲಿ ಒಬ್ಬ ತೆಳ್ಳನೆಯ ಹುಡುಗನಿದ್ದ. ನಾವು ಮೂವರೂ ಒಬ್ಬರ ಮುಖ ಒಬ್ಬರು ನೋಡಲಿಲ್ಲ. ರಾಜೇಶ್ವರಿ ಮೆಲ್ಲಗೆ, ಬೇರೆ ಅಂಕಣಕ್ಕೆ ಹಾಕಿರಬಹುದು ಎಂದಳು. ನಮ್ಮ ದೇಶದ ಹುಡುಗ ಗೆದ್ದ ಎಂದು ಕಾಣುತ್ತದೆ, ಜನ ಎದ್ದು ಕುಣಿದರು. ನಾವು ಎದ್ದು ಹೊರಗೆ ಬಂದು ಗೇಟಿನ ಬಳಿ ಕಟ್ಟೆಯ ಮೇಲೆ ಕೂತೆವು. ನನಗೆ ನನ್ನ ಮೇಲೆ ಬಂದ ಸಿಟ್ಟು ಎಷ್ಟಿತ್ತೆಂದರೆ, ಚೀಲ ವಾಪಸು ಕೊಡಲು ತಡ ಮಾಡಿದ ಕಾವಲಿನವನ ಮೇಲೆ ಅದನ್ನೆಲ್ಲ ಸುರಿದೆ. ಪಾಪ, ಅವನಿಗೆ ಕನ್ನಡ ಬರುತ್ತಿರಲಿಲ್ಲ.

ಆರು ಗಂಟೆಗೆ ಪದ್ಮಶ್ರೀ ಬಂದಳು. ಸೀರೆ ಉಟ್ಟಿದ್ದಳು, ಕೈಯಲ್ಲಿ ವಾರದ ಬಟ್ಟೆಯ ಚೀಲವಿತ್ತು. ಚೀಲ ಕಂಡಾಗಲೇ ಗೊತ್ತಾಯಿತು. ಫೈನಲ್ಲು ಮರುದಿನ ಮಧ್ಯಾಹ್ನ. ಪಟ್ಟಿಯಲ್ಲಿ ಹೆಸರಿದ್ದವಳು ಚೀಲ ಕಟ್ಟಿಕೊಂಡು ಬರುವುದಿಲ್ಲ. ಅವಳು ನಮ್ಮ ಯಾರ ಮುಖವನ್ನೂ ನೋಡದೆ, ಗಾಡಿಯಲ್ಲಿ ಜಾಗವಿದೆಯೇ ಎಂದು ಮುಕ್ತಾರನನ್ನು ಕೇಳಿ ಹಿಂದಿನ ಸೀಟಿನಲ್ಲಿ ಕೂತಳು. ನಾನು ಅವಳ ಬಾಜೂಕಿಗೆ ಕೂರಬೇಕಾಯಿತು. ಬೇರೆ ಜಾಗ ಖಾಲಿಯಿರಲಿಲ್ಲ.

ಕಾತ್ರಜದ ಘಾಟು ಇಳಿದಮೇಲೆ ಮುಕ್ತಾರ ಒಂದು ಚಹಾದಂಗಡಿಯ ಮುಂದೆ ನಿಲ್ಲಿಸಿದ. ಪ್ಲಾಸ್ಟಿಕ್ ಕುರ್ಚಿಗಳಲ್ಲಿ ಕೂತೆವು. ಸುಮಯ್ಯಾ ತಡೆಯಲಾರದೆ ಅಳತೊಡಗಿದಳು. ತಪ್ಪಾಯಿತು, ಅಭ್ಯಾಸ ಬಲದಿಂದ ಬಾಯಿ ಬಂತು, ನಾಳೆ ಬೆಳಿಗ್ಗೆ ಬೇಕಾದರೆ ನಾವೇ ಹೋಗಿ ಅವರ ಕಾಲು ಹಿಡಿಯುತ್ತೇವೆ ಎಂದಳು. ಪದ್ಮಶ್ರೀ ಅವಳ ಬೆನ್ನು ಸವರಿದಳು. ಆಮೇಲೆ ನಡೆದದ್ದನ್ನು, ಹಾಜರಿ ಓದುವ ಹಾಗೆ ಏರಿಳಿತವಿಲ್ಲದೆ ಹೇಳಿದಳು.

ತಂಡ ಹೊರಗೆ ಬಂದ ಕೂಡಲೇ ಅಧಿಕಾರಿಗಳ ಮುಖ್ಯಸ್ಥರು ಅವಳನ್ನು ಕೋಣೆಗೆ ಕರೆದಿದ್ದರು. ಚಪ್ಪಾಳೆಯ ಗದ್ದಲವಾಗಿರದಿದ್ದರೆ ಅದು ದಿನದ ನೂರು ತೀರ್ಪುಗಳಲ್ಲಿ ಒಂದಾಗಿ ಹೋಗುತ್ತಿತ್ತು. ಗದ್ದಲವಾದ್ದರಿಂದ ಟೀವಿಯವರ ವಿಡಿಯೋ ತೆಗೆಸಿ ನೋಡಿದರು. ಚೆಂಡು ಗೆರೆಯನ್ನು ಮುಟ್ಟಿದಂತೆ ಕಾಣುತ್ತದೆ ಎಂದು ಒಬ್ಬರು, ಸರಿಯಾಗಿ ಕಾಣುವುದಿಲ್ಲ ಎಂದು ಇನ್ನೊಬ್ಬರು. ಕೊನೆಗೆ ಮುಖ್ಯಸ್ಥರು ಕೇಳಿದ್ದು ಒಂದೇ ಪ್ರಶ್ನೆ, ಆ ಮೂವರು ಹೆಂಗಸರು ಯಾರು ಎಂದು. ಅವರಿಗೂ ಅವಳನ್ನು ಪಟ್ಟಿಯಿಂದ ಕೈಬಿಡಲು ಮನಸ್ಸಿರಲಿಲ್ಲವಂತೆ. ಯಾರೋ ಪ್ರೇಕ್ಷಕರು, ಬಿಲ್ಲೆಯ ಮೇಲಿನ ಹೆಸರು ಓದಿ ಕೂಗಿರಬೇಕು, ಅಲ್ಲವೇ ಎಂದು ಉತ್ತರವನ್ನೂ ತಾವೇ ಹೇಳಿಕೊಟ್ಟರಂತೆ.

"ಹೂಂ ಅನ್ನಬೇಕಿತ್ತಲ್ಲೇ" ಎಂದಳು ರಾಜೇಶ್ವರಿ. "ನಾವೇನ ನೊಂದಕೋತಿದ್ವಿ?"

"ಇಷ್ಟ ವರ್ಷದಾಗ ನನ್ನ ನೋಡಾಕ ಯಾರೂ ಬಂದಿರಲಿಲ್ಲ" ಎಂದಳು ಪದ್ಮಶ್ರೀ. "ಬಂದವ್ರನ್ನ ಗುರ್ತಿಲ್ಲ ಅನ್ನಾಕ ಬಾಯಿ ಬರಲಿಲ್ಲ. ನಮ್ಮವ್ರು ಅಂದೆ."

ಚಹಾ ಕೆನೆಗಟ್ಟಿತು. ಯಾರೂ ಮುಟ್ಟಲಿಲ್ಲ. ನಾವು ಹದಿನೆಂಟು ವರ್ಷ ನಕ್ಕಿದ್ದೆವು, ಒಂದು ದಿನ ಬಂದೆವು, ಬಂದ ದಿನವೇ ಅವಳ ಕೆಲಸ ಕೆಡಿಸಿದೆವು. ಅವಳು ನಮಗೆ ಬೈದಿದ್ದರೆ ಸುಲಭವಾಗುತ್ತಿತ್ತು. ನಾನು ಬೈಸಿಕೊಳ್ಳಲು ಸಿದ್ಧಳಾಗಿ ಕೂತಿದ್ದೆ. ಅವಳು ಬೈಯಲಿಲ್ಲ. ಕುರ್ಚಿಯನ್ನು ನನ್ನ ಕಡೆ ಎಳೆದುಕೊಂಡಳು.

ಫೈನಲ್ಲು ಹೋದದ್ದು ಹೋಗಲಿ, ಅದನ್ನು ನುಂಗುತ್ತೇನೆ ಎಂದಳು. ಆದರೆ ಆ ವಿಡಿಯೋ ನೋಡಿದಾಗಿನಿಂದ ತಲೆ ಕೆಟ್ಟುಹೋಗಿದೆ. ಅವಳ ಕಣ್ಣಿಗೆ ಚೆಂಡು ಗೆರೆಯಿಂದ ಎರಡು ಬೆರಳು ಹೊರಗೆ ಬಿದ್ದಿತ್ತು, ಸ್ಪಷ್ಟವಾಗಿ ಬಿದ್ದಿತ್ತು. ಆ ವಿಡಿಯೋದಲ್ಲಿ ಹಾಗೆ ಕಾಣುವುದಿಲ್ಲ. ಹದಿನೆಂಟು ವರ್ಷದ ಕಣ್ಣನ್ನು ನಂಬುವುದೋ ಬಿಡುವುದೋ ತಿಳಿಯುತ್ತಿಲ್ಲ. ಇನ್ನು ಮುಂದೆ ಯಾವ ಗೆರೆಯ ಮೇಲೂ ನಿಲ್ಲುವುದಿಲ್ಲವಾದ್ದರಿಂದ, ಅದೊಂದು ತೀರ್ಪು ಸರಿಯಿತ್ತೋ ಇಲ್ಲವೋ ಎಂದು ಗೊತ್ತಾಗದೆ ಹೋದರೆ ಉಳಿದದ್ದೆಲ್ಲವೂ ಹೋದಂತೆ.

ರಾಜೇಶ್ವರಿ ತಕ್ಷಣ, ಔಟೇ ಇತ್ತು, ತಾನು ಕಣ್ಣಾರೆ ನೋಡಿದೆ ಎಂದಳು. ಸುಮಯ್ಯಾ ಮೂಗು ಒರೆಸಿಕೊಂಡು ತಾನೂ ನೋಡಿದೆ ಎಂದಳು. ಪದ್ಮಶ್ರೀ ತಲೆ ಅಲ್ಲಾಡಿಸಿದಳು.

"ನೀವಿಬ್ರೂ ಸುಮ್ನಿರ್ರಿ. ಈಕಿ ಎದ್ದಳಂತ ನೀವ್ ಎದ್ರಿ, ಅದು ನನಗ ಗೊತ್ತೈತಿ." ಆಮೇಲೆ ನನ್ನ ಮುಖವನ್ನೇ ನೋಡಿದಳು. "ಶೋಭಾ, ಮೊದಲ ಚಪ್ಪಾಳಿ ನಿಂದು. ಅವ ನನ್ನ ಕಡೆ ಬರಾಕತ್ತಾಗ ಅದು ಕಿವಿಗೆ ಬಿತ್ತು. ಶೋಭಾ ನೋಡ್ಯಾಳ, ಚೆಂಡು ಹೊರಗ ಬಿದ್ದೈತಿ ಅಂತ ಧೈರ್ಯ ಬಂತು. ಇಷ್ಟೊತ್ತೂ ಅದನ್ನ ಹಿಡಕೊಂಡ ಕುಂತೇನಿ. ಖರೆ ಹೇಳು. ಎಷ್ಟ ಹೊರಗ ಬಿದ್ದಿತ್ತು?"

ಸುಮಯ್ಯಾ ಮೇಜಿನ ಕೆಳಗೆ ನನ್ನ ಕಾಲು ತುಳಿದಳು. ಎರಡು ಬೆರಳು ಎಂದುಬಿಟ್ಟರೆ ಮುಗಿಯುತ್ತಿತ್ತು. ಅವಳು ತಾನೇ ಹೇಳಿದ್ದ ಅಳತೆ ಅದು, ನಾನು ಅದನ್ನೇ ತಿರುಗಿ ಹೇಳಿದರೆ ಸಾಕಿತ್ತು. ಅವಳು ಸಮಾಧಾನದಿಂದ ಊರಿಗೆ ಬರುತ್ತಿದ್ದಳು. ನನ್ನ ನಾಲಿಗೆಯ ತುದಿಗೆ ಬಂದಿತ್ತು ಕೂಡ. ಆದರೆ ಹೇಳಿಕೊಟ್ಟ ಸುಳ್ಳನ್ನು ಹೇಳಲಾರದೆ ಫೈನಲ್ಲು ಬಿಟ್ಟು ಬಂದವಳು ಎದುರಿಗೆ ಕೂತಿದ್ದಳು. ಅವಳ ಕಣ್ಣಲ್ಲಿ ಕಣ್ಣಿಟ್ಟು ಆ ಸುಳ್ಳು ಹೇಳಲು ನನ್ನಿಂದಾಗಲಿಲ್ಲ.

"ನಾ ನೋಡಲಿಲ್ಲ ಪದ್ಮಾ" ಎಂದೆ. "ನನಗ ನಿದ್ದಿ ಹತ್ತಿತ್ತು. ನಿನ್ನ ದನಿ ಕೇಳಿ ಎದ್ದೆ."

ಅವಳ ಮುಖದಲ್ಲಿ ಸಿಟ್ಟಿರಲಿಲ್ಲ. ಹಿಡಿದುಕೊಂಡಿದ್ದ ಏನನ್ನೋ ಕೆಳಗಿಟ್ಟವಳ ಹಾಗೆ ಭುಜ ಇಳಿಯಿತು. ಆರಿದ ಚಹಾವನ್ನು ಒಂದೇ ಗುಟುಕಿಗೆ ಕುಡಿದು ಲೋಟ ಮೇಜಿನ ಮೇಲಿಟ್ಟಳು.

"ಹಂಗಾರ ಅದನ್ನ ನೋಡಿದಾಕಿ ನಾ ಒಬ್ಬಾಕಿನ" ಎಂದಳು.

ಎದ್ದು ಹೋಗಿ ಗಾಡಿಯಲ್ಲಿ ಕೂತಳು. ನಾವೂ ಹೋಗಿ ಕೂತೆವು. ಎಲ್ಲರೂ ಸಾಯುವಷ್ಟು ದಣಿದಿದ್ದೆವು, ಆದರೆ ಹುಕ್ಕೇರಿ ಬರುವವರೆಗೆ ಆ ಗಾಡಿಯಲ್ಲಿ ಯಾರಿಗೂ ನಿದ್ದೆ ಬರಲಿಲ್ಲ.